ನಾಲ್ಕು ಸಾಲಿನ ಹಿಂಬರಹ, 42 ಮೆಟ್ಟಿಲು: ಒಂದು ತಾರತಮ್ಯ ದೂರಿನ ಮೇಲ್ಮನವಿ

ಇದು ಒಂದು ಜಿಲ್ಲಾ ಮಟ್ಟದ ಸರ್ಕಾರಿ ಕಚೇರಿಯಲ್ಲಿ ನಡೆದದ್ದು. ಯಾವ ಜಿಲ್ಲೆ, ಯಾವ ಇಲಾಖೆ ಎಂದು ಬರೆಯುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನೊಂದವರು ಪೂರ್ತಿ ಓದಿ, ಹಾಕಬಹುದು ಎಂದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಕಚೇರಿಯಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರನ್ನು ಮೇಡಂ ಎಂದೇ ಕರೆಯುತ್ತೇನೆ. ನಾನು ಬೇರೊಂದು ಇಲಾಖೆಯಲ್ಲಿ 31 ವರ್ಷ ದುಡಿದು ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಈಗ ಅಂಗವಿಕಲ ನೌಕರರಿಗೆ ಅರ್ಜಿ, ಮೇಲ್ಮನವಿ ಬರೆಯಲು ನೆರವಾಗುತ್ತೇನೆ. ವಕೀಲನಲ್ಲ.

ಹಿನ್ನೆಲೆ

ಮೇಡಂ ಪ್ರಥಮ ದರ್ಜೆ ಸಹಾಯಕರು, ಹದಿನಾಲ್ಕು ವರ್ಷದ ಸರ್ವಿಸು. 2019ರ ಕೊನೆಯಲ್ಲಿ ಕಚೇರಿ ಬಿಟ್ಟು ಮನೆಗೆ ಹೋಗುವಾಗ ಅವರ ಸ್ಕೂಟರಿಗೆ ಟ್ರ್ಯಾಕ್ಟರಿನ ಟ್ರೇಲರ್ ತಾಗಿ ಬಲಗಾಲಿನ ಮೊಣಕಾಲು, ಪಾದದ ಗಂಟು ಎರಡೂ ಮುರಿದವು. ಆಪರೇಷನ್ ಆಯಿತು, ರಾಡು ಹಾಕಿದರು. ಐದು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಬಂದಾಗ ನಡೆದಾಡುತ್ತಿದ್ದರು, ಆದರೆ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಸಮನಾದ ನೆಲದ ಮೇಲೆ ನಡೆದರೆ ಹೊಸಬರಿಗೆ ಏನೂ ಗೊತ್ತಾಗದು. ಮೆಟ್ಟಿಲಿನ ಹತ್ತಿರ ಬಂದಾಗ ಗೊತ್ತಾಗುತ್ತಿತ್ತು. ಎಡಗಾಲನ್ನು ಮೇಲಿಟ್ಟು, ಕಂಬಿ ಬಿಗಿಯಾಗಿ ಹಿಡಿದು, ಬಲಗಾಲನ್ನು ಅದೇ ಮೆಟ್ಟಿಲಿಗೆ ಎಳೆದುಕೊಂಡು, ಒಂದು ಕ್ಷಣ ನಿಂತು, ಮತ್ತೆ ಎಡಗಾಲು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದಲ್ಲಿ ಶಾಶ್ವತ ಅಂಗವೈಕಲ್ಯ ಶೇ. 35 ಎಂದು ಬರೆದಿತ್ತು.

ಕೆಲಸಕ್ಕೆ ಮರಳಿದ ಮೇಲೆ ಒಂದು ವರ್ಷ ನೆಲಮಹಡಿಯ ಆವಕ-ಜಾವಕ ವಿಭಾಗದಲ್ಲಿದ್ದರು, ಬರುವ ಹೋಗುವ ಪತ್ರಗಳನ್ನು ನಮೂದಿಸುವ ಜಾಗ ಅದು. ತೊಂದರೆ ಇರಲಿಲ್ಲ. 2021ರ ಜೂನ್‌ನಲ್ಲಿ ಕೆಲಸ ಹಂಚಿಕೆಯ ಜ್ಞಾಪನ ಬಂತು: ಮೇಡಂಗೆ ದಾಖಲೆ ಕೊಠಡಿ. ಅದು ಎರಡನೇ ಮಹಡಿಯಲ್ಲಿದೆ. ಹಳೇ ಕಟ್ಟಡ, ಎತ್ತರದ ಸೂರು, ಲಿಫ್ಟ್ ಇಲ್ಲ, ಒಟ್ಟು 42 ಮೆಟ್ಟಿಲು. ಕೆಳಗಿನ ವಿಭಾಗಗಳಿಂದ ಬೇಡಿಕೆ ಚೀಟಿ ಬಂದಾಗಲೆಲ್ಲ ಕಪಾಟಿನಿಂದ ಕೆಂಪು ಬಟ್ಟೆಯ ಗಂಟು ಇಳಿಸಿ, ಬಿಚ್ಚಿ, ಬೇಕಾದ ಕಡತ ತೆಗೆದು, ರಿಜಿಸ್ಟರಿನಲ್ಲಿ ನಮೂದಿಸಿ, ಕೆಳಗೆ ಒಯ್ದು ಕೊಡಬೇಕು. ಇದ್ದ ಒಬ್ಬ ಡಿ ದರ್ಜೆ ನೌಕರ ಮೂರು ವಿಭಾಗಗಳಿಗೆ ಹಂಚಿಹೋಗಿದ್ದ. ಹಾಗಾಗಿ ಕಡತ ಒಯ್ಯುವ ಕೆಲಸವೂ ಮೇಡಂ ಪಾಲಿಗೇ ಬಂತು.

ಮೂರು ಸಲ ಅಧೀಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿದರು. ಮೂರನೇ ಸಲ ಸಿಕ್ಕ ಉತ್ತರ ಇದು: "ಕುಂಟೋರಿಗೆಲ್ಲ ಕೆಳಗೇ ಸೀಟು ಕೊಡ್ತಾ ಹೋದ್ರೆ ಮೇಲೆ ಕೂರೋರು ಯಾರಮ್ಮ?" ನಾಲ್ಕೈದು ಜನ ಸಹೋದ್ಯೋಗಿಗಳ ಎದುರಿಗೆ.

ಮೊದಲ ದೂರು, ಮೊದಲ ತೀರ್ಮಾನ

ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಬ್ಬರು, ಎಂಆರ್‌ಡಬ್ಲ್ಯು ಎನ್ನುತ್ತೇವಲ್ಲ ಅವರು, ಮೇಡಂಗೆ ದಾರಿ ತೋರಿಸಿದರು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 23ನೇ ಕಲಮಿನ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸಬೇಕು. 20ನೇ ಕಲಂ ಉದ್ಯೋಗದಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. ಅದರ ಉಲ್ಲಂಘನೆಯಾದರೆ ಈ ಅಧಿಕಾರಿಗೆ ದೂರು ಕೊಡಬಹುದು. ಅವರು ಅದನ್ನು ರಿಜಿಸ್ಟರಿನಲ್ಲಿ ನಮೂದಿಸಿ ಎರಡು ವಾರದೊಳಗೆ ವಿಚಾರಣೆ ಮಾಡಬೇಕು.

ಮೇಡಂ ಸೆಪ್ಟೆಂಬರ್‌ನಲ್ಲಿ ಎರಡು ಪುಟದ ದೂರು ಕೈಯಲ್ಲೇ ಬರೆದು ಕೊಟ್ಟರು. ಅದನ್ನು ನಾನು ಆಮೇಲೆ ಓದಿದೆ. ಒಂದೂಮುಕ್ಕಾಲು ಪುಟ ಅಧೀಕ್ಷಕರ ಮಾತು, ಅದರಿಂದಾದ ಅವಮಾನ, ರಾತ್ರಿ ನಿದ್ದೆ ಬಾರದ್ದು. ಕಡೆಯಲ್ಲಿ ಒಂದೇ ಸಾಲು: "ಆದ್ದರಿಂದ ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಯಾವ ಕ್ರಮ ಬೇಕು ಎಂಬುದು ಎಲ್ಲೂ ಇರಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ಮಾಡಿದ್ದರು: ದೂರಿನ ಜೆರಾಕ್ಸ್ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡಿದ್ದರು.

ನೋಂದಣಿಯಾದ ನಾಲ್ಕನೇ ದಿನವೇ ಹಿಂಬರಹ, ಅಂದರೆ ದೂರಿಗೆ ಕಚೇರಿ ಕೊಡುವ ಲಿಖಿತ ಉತ್ತರ, ಬಂತು. ಅದರ ಮುಖ್ಯ ಭಾಗ ಇಷ್ಟು: "ಸದರಿ ನೌಕರರ ಅಂಗವೈಕಲ್ಯವು ಶೇ. 40ಕ್ಕಿಂತ ಕಡಿಮೆ ಇರುವುದು ಪ್ರಮಾಣಪತ್ರದಿಂದ ಕಂಡುಬಂದಿರುವುದರಿಂದ, ಮನವಿಯು ಪರಿಗಣನೆಗೆ ಅರ್ಹವಾಗಿರುವುದಿಲ್ಲ. ಪ್ರಾಥಮಿಕ ಹಂತದಲ್ಲಿಯೇ ಮುಕ್ತಾಯಗೊಳಿಸಿ ಹಿಂಬರಹ ನೀಡಿದೆ."

ಮೇಡಂ ಅವರನ್ನು ಕರೆದು ಮಾತಾಡಿಸಿರಲಿಲ್ಲ. ಯಾರೂ ಎರಡನೇ ಮಹಡಿಗೆ ಹತ್ತಿ ನೋಡಿರಲಿಲ್ಲ.

ಕೈಜಾರಿದ ಮೂರು ವಾರ

ಇಂಥ ಪ್ರಕರಣಗಳು ಹಾಳಾಗುವುದು ಹೆಚ್ಚಾಗಿ ಈ ಘಟ್ಟದಲ್ಲಿ. ಹಿಂಬರಹ ಬಂದ ಮೇಲೆ ಮನುಷ್ಯ ದಿಕ್ಕುತಪ್ಪುತ್ತಾನೆ. ಕಚೇರಿಯಲ್ಲಿ ಬುದ್ಧಿ ಹೇಳುವವರಿಗೆ ಕೊರತೆ ಇರುವುದಿಲ್ಲ.

ಒಬ್ಬರು ಹೇಳಿದರು, ಶಾಸಕರಿಂದ ಒಂದು ಶಿಫಾರಸು ಪತ್ರ ತನ್ನಿ, ಒಂದೇ ದಿನದಲ್ಲಿ ಕೆಲಸ ಆಗುತ್ತದೆ ಎಂದು. ಮೇಡಂ ಹೊರಟೇ ಬಿಟ್ಟಿದ್ದರು. ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ಸೇವಾ ವಿಷಯದಲ್ಲಿ ಹೊರಗಿನ ಪ್ರಭಾವ ತರುವುದೇ ತಪ್ಪು. ದೂರು ಕೊಟ್ಟವರನ್ನೇ ಆರೋಪಿ ಮಾಡಲು ಅಷ್ಟು ಸಾಕು. ಶಾಸಕರು ಊರಲ್ಲಿ ಇರದ ಕಾರಣ ಆ ಪತ್ರ ಆಗಲಿಲ್ಲ. ಅದು ದೇವರು ದೊಡ್ಡವನು ಅನ್ನುವಂಥ ಸಂಗತಿ.

ಇನ್ನೊಬ್ಬರದು ಬೇರೆ ಸಲಹೆ: "ಐದು ಪರ್ಸೆಂಟ್ ತಾನೇ, ಹೇಗಾದ್ರೂ ಮಾಡಿ ನಲವತ್ತು ಮಾಡಿಸ್ಕೊಂಡು ಬನ್ನಿ." ನೋವು ನಿಜವಾಗಿಯೂ ಹೆಚ್ಚಾಗಿದ್ದರೆ ಮರುಪರೀಕ್ಷೆ ಕೇಳುವುದು ನೌಕರರ ಹಕ್ಕು. ಆದರೆ ಮೇಡಂ ಸ್ಥಿತಿ ಬದಲಾಗಿರಲಿಲ್ಲ. ಹೇಗಾದರೂ ಎಂದರೆ ಏನು ಎಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಾಯಿತು. ಅವರು ಆ ಕಡೆ ಹೋಗಲಿಲ್ಲ. ಇಡೀ ಪ್ರಕರಣದಲ್ಲಿ ಅವರು ಒಬ್ಬರೇ ಕೂತು ತೆಗೆದುಕೊಂಡ ಅತಿ ಮುಖ್ಯ ನಿರ್ಧಾರ ಇದು ಎಂದು ನನ್ನ ಎಣಿಕೆ. ಮುಂದೆ ಆ 35 ಎಂಬ ಅಂಕಿಯೇ ನಮ್ಮ ಕೈಹಿಡಿಯಿತು.

ಕೊನೆಗೆ ಅವರು ಮಾಡಿದ್ದು ಅದೇ ಅಧಿಕಾರಿಗೆ ಅದೇ ದೂರನ್ನು ಮತ್ತೊಮ್ಮೆ ಬರೆದದ್ದು, ಈ ಸಲ ಮೂರು ಪುಟ. ಅದಕ್ಕೆ ಉತ್ತರವೇ ಬರಲಿಲ್ಲ. ಹೀಗೆ 22 ದಿನ ಹೋಯಿತು.

ತಿರುವು: 40 ಎಲ್ಲಿಂದ ಬಂತು?

ಮೇಡಂ ನನ್ನ ಮನೆಗೆ ಬಂದದ್ದು ಒಂದು ಭಾನುವಾರ, ಕಾಗದಗಳನ್ನೆಲ್ಲ ಬಟ್ಟೆ ಅಂಗಡಿಯ ಕವರಿನಲ್ಲಿ ಹಾಕಿಕೊಂಡು. ಜಗಲಿಯ ಎರಡು ಮೆಟ್ಟಿಲು ಹತ್ತಲು ಅವರು ಕಂಬ ಹಿಡಿದುಕೊಂಡದ್ದನ್ನು ನೋಡಿದ ನನ್ನ ಹೆಂಡತಿ ಕುರ್ಚಿಯನ್ನು ಅಂಗಳಕ್ಕೇ ತಂದು ಹಾಕಿದಳು. ಅಲ್ಲೇ ಕೂತು ಓದಿದೆ.

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಹಿಂಬರಹ ಓದಿದಾಗ ನನಗೂ ಅದು ಸರಿ ಅನ್ನಿಸಿತು. ನಾನು ಕಂಡ ಸುತ್ತೋಲೆಗಳಲ್ಲೆಲ್ಲ ಶೇ. 40 ಇತ್ತು: ಮೀಸಲಾತಿಗೆ 40, ಬಸ್ ಪಾಸಿಗೆ 40. "ನೋಡಮ್ಮ, ಇದು ಕಷ್ಟ" ಎಂದು ಹೇಳಿಯೂಬಿಟ್ಟೆ. ಅವರು ಏನೂ ಮಾತಾಡದೆ ಕಾಗದ ಮಡಚತೊಡಗಿದರು. ಮನಸ್ಸು ತಡೆಯಲಿಲ್ಲ. ಒಂದು ದಿನ ಕೊಡಿ ಎಂದು ಕೇಳಿ, ಆ ರಾತ್ರಿ ಅಧಿನಿಯಮವನ್ನು ಮೊದಲಿನಿಂದ ಓದಿದೆ.

ವ್ಯತ್ಯಾಸ 2ನೇ ಕಲಮಿನ ವ್ಯಾಖ್ಯೆಗಳಲ್ಲೇ ಇದೆ. 2(ಆರ್) ಬೆಂಚ್‌ಮಾರ್ಕ್ ಅಂಗವೈಕಲ್ಯ ಉಳ್ಳವರ ಬಗ್ಗೆ: ಅದಕ್ಕೆ ಕನಿಷ್ಠ ಶೇ. 40 ಬೇಕು. 2(ಎಸ್) ಅಂಗವಿಕಲ ವ್ಯಕ್ತಿಯ ಬಗ್ಗೆ: ದೀರ್ಘಕಾಲದ ಊನವಿದ್ದು, ಅಡೆತಡೆಗಳು ಎದುರಾದಾಗ ಇತರರಿಗೆ ಸಮನಾಗಿ ಪಾಲ್ಗೊಳ್ಳಲು ಆಗದಿರುವವರು. ಅಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ. ಉದ್ಯೋಗದಲ್ಲಿ ಶೇ. 4 ಮೀಸಲಾತಿ ಕೊಡುವ 34ನೇ ಕಲಂ ಬೆಂಚ್‌ಮಾರ್ಕ್ ಉಳ್ಳವರಿಗೆ ಮಾತ್ರ. ತಾರತಮ್ಯ ನಿಷೇಧಿಸುವ, ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆ ಮತ್ತು ಅಡೆತಡೆಯಿಲ್ಲದ ವಾತಾವರಣ ಕಲ್ಪಿಸಬೇಕೆನ್ನುವ 20ನೇ ಕಲಮಿನಲ್ಲಿ ಆ ಮಿತಿ ಇಲ್ಲ. ಸೂಕ್ತ ಹೊಂದಾಣಿಕೆ ನಿರಾಕರಿಸುವುದೂ ತಾರತಮ್ಯವೇ ಎಂದು 2(ಎಚ್) ಹೇಳುತ್ತದೆ. ಸಂಸ್ಥೆಯ ಮೇಲೆ ವಿಪರೀತ ಹೊರೆ ಬೀಳದಂತೆ ಮಾಡಬಹುದಾದ ಅಗತ್ಯ ಮಾರ್ಪಾಡು, ಅದು ಹೊಂದಾಣಿಕೆಯ ಅರ್ಥ. ಒಂದು ಮೇಜನ್ನು ಕೆಳಗೆ ಹಾಕುವುದು ಯಾರಿಗೆ ಏನು ಹೊರೆ?

ಅಧಿಕಾರಿ 34ನೇ ಕಲಮಿನ ಅಳತೆಗೋಲು ಹಿಡಿದು 20ನೇ ಕಲಮಿನ ದೂರನ್ನು ಅಳೆದಿದ್ದರು.

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು ಎಂಬುದು ಮರುದಿನ ಒಬ್ಬ ವಕೀಲ ಮಿತ್ರರಿಂದ ತಿಳಿಯಿತು. ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ, ತೀರ್ಪು 2021ರ ಫೆಬ್ರವರಿ 11. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿ ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದರು. ಬೆಂಚ್‌ಮಾರ್ಕ್ ಅಂಗವೈಕಲ್ಯ ಇಲ್ಲ ಎಂಬ ನೆಲೆಯಲ್ಲಿ ನಿರಾಕರಣೆಯಾಗಿತ್ತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಆ ವಾದವನ್ನು ಒಪ್ಪಲಿಲ್ಲ. ಮೀಸಲಾತಿಯಂಥ ನಿರ್ದಿಷ್ಟ ಸೌಲಭ್ಯಕ್ಕೆ ಕಾಯ್ದೆ ಇಟ್ಟ ಮಿತಿಯನ್ನು ಸೂಕ್ತ ಹೊಂದಾಣಿಕೆಯ ಹಕ್ಕಿಗೆ ಎಳೆದು ತರುವಂತಿಲ್ಲ ಎಂಬುದು ಅದರ ತಿರುಳು. ನಮ್ಮ ಹಿಂಬರಹ ಬರುವ ಹೊತ್ತಿಗೆ ಆ ತೀರ್ಪಿಗೆ ಏಳು ತಿಂಗಳಾಗಿತ್ತು.

ಟಿಪ್ಪಣಿ ಹಾಳೆ

ಮುಂದೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹತ್ತು ರೂಪಾಯಿ ಶುಲ್ಕ. ನಾವು ಕೇಳಿದ್ದು ದೂರಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಯ (ನೌಕರರು, ಅಧಿಕಾರಿಗಳು ತಮ್ಮ ಅಭಿಪ್ರಾಯ, ಆದೇಶ ಬರೆಯುವ ಹಾಳೆ) ಮತ್ತು ದೂರು ನೋಂದಣಿ ರಿಜಿಸ್ಟರಿನ ಆ ಪುಟದ ದೃಢೀಕೃತ ಪ್ರತಿ, ಅಷ್ಟೇ. 30 ದಿನದ ಗಡುವು ಮುಗಿಯಲು ಒಂದು ದಿನ ಇರುವಾಗ 11 ಪುಟ ಸಿಕ್ಕಿತು. ಪುಟಕ್ಕೆ ಎರಡು ರೂಪಾಯಿಯಂತೆ 22 ರೂಪಾಯಿ.

ಆ ಹಾಳೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಆ ಕಡತ ನೋಡಿಕೊಳ್ಳುವ ನೌಕರರು, ಅಂದರೆ ವಿಷಯ ನಿರ್ವಾಹಕರು, ಬಹುಶಃ ಮೇಡಂಗಿಂತ ಚಿಕ್ಕವರು, ದುಂಡನೆಯ ಅಕ್ಷರದಲ್ಲಿ ಬರೆದಿದ್ದರು: "ಸ್ಥಳ ಪರಿಶೀಲನೆ ನಡೆಸಿ, ನೆಲಮಹಡಿಯ ಆವಕ ವಿಭಾಗದಲ್ಲಿ ವಯೋನಿವೃತ್ತಿಯಿಂದ ತೆರವಾಗಿರುವ ಆಸನವನ್ನು ಪರಿಗಣಿಸಬಹುದಾಗಿದೆ. ಆದೇಶಕ್ಕಾಗಿ ಮಂಡಿಸಿದೆ." ಅದರ ಪಕ್ಕದಲ್ಲಿ, ಮೂಲದಲ್ಲಿ ಹಸಿರು ಶಾಯಿ ಇದ್ದಿರಬೇಕು, ಜೆರಾಕ್ಸಿನಲ್ಲಿ ಕಪ್ಪಾಗಿತ್ತು, ಓರೆಯಾಗಿ: "ಶೇ. 40 ಇಲ್ಲ. ಮುಕ್ತಾಯಗೊಳಿಸಿ." ಕೆಳಗೆ ಚಿಕ್ಕ ರುಜು.

ಆ ರುಜುವನ್ನು ಜೂನ್ ತಿಂಗಳ ಕೆಲಸ ಹಂಚಿಕೆ ಜ್ಞಾಪನದ ಪಕ್ಕ ಇಟ್ಟು ನೋಡಿದೆವು. ಒಂದೇ ರುಜು. ಮೇಡಂ ಅವರನ್ನು ಎರಡನೇ ಮಹಡಿಗೆ ಹಾಕಿದವರೇ, ಹಾಕಿದ್ದು ತಪ್ಪು ಎಂಬ ದೂರನ್ನು ಕುಂದುಕೊರತೆ ಅಧಿಕಾರಿಯಾಗಿ ಮುಚ್ಚಿದ್ದರು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಈ ಕಾಗದ ಕೈಗೆ ಬರುವವರೆಗೆ ಮೇಲ್ಮನವಿ ಹಾಕುವುದು ಬೇಡ ಎಂದಿದ್ದೆ. ಆ ಒಂದು ತಿಂಗಳು ಮೇಡಂ ದಿನವೂ ಹತ್ತಿ ಇಳಿದರು. ನವೆಂಬರ್‌ನಲ್ಲಿ ಮೊಣಕಾಲು ಊದಿ ಒಂಬತ್ತು ದಿನ ವೈದ್ಯಕೀಯ ರಜೆ ಹಾಕಬೇಕಾಯಿತು. ಕಾಯ್ದೆಯ ವ್ಯಾಖ್ಯೆ ಒಂದರ ಬಲದ ಮೇಲೆಯೇ ಮೇಲ್ಮನವಿ ನಿಲ್ಲುತ್ತಿತ್ತು. ಮೊದಲು ಅದನ್ನು ಸಲ್ಲಿಸಿ, ಹೆಚ್ಚುವರಿ ದಾಖಲೆ ಆಮೇಲೆ ಕೊಡುತ್ತೇವೆ ಎಂದು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಆಮೇಲಿನ ಪ್ರಕರಣಗಳಲ್ಲಿ ಹಾಗೆಯೇ ಮಾಡುತ್ತಿದ್ದೇನೆ.

ಎಲ್ಲಿಗೆ ಹೋಗುವುದು?

ಮೇಡಂ ಅವರ ತಮ್ಮ, ಹೈಕೋರ್ಟಿಗೇ ಹೋಗೋಣ ಎನ್ನುತ್ತಿದ್ದರು. ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯ ಮೊದಲು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅದರ ಮೂಲ ಕಾಯ್ದೆಯಾದ 1985ರ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮದ 20ನೇ ಕಲಮಿನ ಪ್ರಕಾರ, ಸೇವಾ ನಿಯಮಗಳಲ್ಲಿ ಸಿಗುವ ಪರಿಹಾರದ ದಾರಿಗಳನ್ನು ಬಳಸಿದ ಮೇಲೆಯೇ ಸಾಮಾನ್ಯವಾಗಿ ಅರ್ಜಿ ತೆಗೆದುಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಕ್ಕೆ ಹೋದರೆ ವಾಪಸ್ ಕಳಿಸುವ ಸಂಭವವೇ ಹೆಚ್ಚು. ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೂ ದೂರು ಕೊಡಬಹುದಿತ್ತು. ಅವರ ಶಿಫಾರಸಿನ ಮೇಲೆ ಇಲಾಖೆ ಮೂರು ತಿಂಗಳೊಳಗೆ ಕ್ರಮ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆದರೆ ಬೆಂಗಳೂರಿಗೆ ಓಡಾಟ, ಅದೂ ಆ ಕಾಲಿನಲ್ಲಿ.

23(4)ನೇ ಉಪಕಲಂ ನೇರವಾಗಿತ್ತು: ದೂರಿನ ಮೇಲೆ ತೆಗೆದುಕೊಂಡ ಕ್ರಮ ತೃಪ್ತಿ ತರದಿದ್ದರೆ ಅಂಗವೈಕಲ್ಯ ಕುರಿತ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಇಷ್ಟೇ ದಿನದೊಳಗೆ ಎಂಬ ಗಡುವು ಆ ಕಲಮಿನಲ್ಲಿ ಇಲ್ಲ. ಇಲ್ಲದಿದ್ದರೂ ತಡ ಮಾಡಿದಷ್ಟೂ "ಇಷ್ಟು ದಿನ ಸುಮ್ಮನಿದ್ದರಲ್ಲ" ಎಂಬ ಮಾತು ಬರುತ್ತದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ ಸಮಿತಿಗೆ ಹೋಗುವುದೆಂದು ತೀರ್ಮಾನಿಸಿದೆವು.

ಖಾಸಗಿ ಕಂಪನಿಯಲ್ಲಿ ದುಡಿಯುವವರು ಗಮನಿಸಬೇಕು: 20 ಮತ್ತು 23ನೇ ಕಲಂಗಳು ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದವು. ಖಾಸಗಿಯವರು 21ನೇ ಕಲಮಿನಲ್ಲಿ ಹೇಳಿದ ಸಮಾನ ಅವಕಾಶ ನೀತಿಯ ಪ್ರತಿ ಕೇಳಿ, ರಾಜ್ಯ ಆಯುಕ್ತರ ಕಡೆ ಹೋಗುವುದು ಸೂಕ್ತ.

ಮೇಲ್ಮನವಿ ಬರೆದ ಬಗೆ

ನಮ್ಮಿಬ್ಬರ ನಡುವೆ ಜಟಾಪಟಿ ಆದದ್ದು ಇಲ್ಲಿ. ಮೇಡಂಗೆ ಅಧೀಕ್ಷಕರ ಮಾತೇ ಮುಖ್ಯ. "ಸೀಟು ಸಿಗದಿದ್ರೂ ಪರವಾಗಿಲ್ಲ ಸರ್, ಆ ಮಾತಿಗೆ ಉತ್ತರ ಬೇಕು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನಿಸುವುದು 92ನೇ ಕಲಮಿನಡಿ ಅಪರಾಧ. ಆರು ತಿಂಗಳಿಗೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಜೈಲು ಶಿಕ್ಷೆ ಇದೆ. ಆದರೆ ಅದು ಪೊಲೀಸ್ ಠಾಣೆಯ ದಾರಿ, ಅಲ್ಲಿ ಸಾಕ್ಷಿ ಬೇಕು. ಅಂದು ಕೇಳಿಸಿಕೊಂಡ ಐವರಲ್ಲಿ ಒಬ್ಬರೂ ಬರೆದುಕೊಡಲು ಮುಂದೆ ಬಂದಿರಲಿಲ್ಲ.

ಎರಡು ಸಂಜೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಆ ಮಾತು ಮೇಲ್ಮನವಿಯಲ್ಲಿ ಒಂದು ಪ್ಯಾರಾ ಆಗಿ ಇರುತ್ತದೆ, ಹೇಳಿದ ದಿನ, ಜಾಗ, ಪದಗಳ ಸಮೇತ. ಕೋರಿಕೆಯ ಭಾಗದಲ್ಲಿ ಮಾತ್ರ ಹಿಂಬರಹದ ವಿಷಯವಷ್ಟೇ. ಸಮಿತಿ ತಿದ್ದಬೇಕಾದದ್ದು ಆ ನಾಲ್ಕು ಸಾಲನ್ನು. ಅದರಲ್ಲಿ ಅಧೀಕ್ಷಕರ ಮಾತಿನ ಪ್ರಸ್ತಾಪವೇ ಇರಲಿಲ್ಲ. ಹಾಗೆ ಮಾಡಿದ್ದು ಸರಿಯೇ ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಗೆಲ್ಲುವ ಜಾಗ ಹುಡುಕುತ್ತಾ, ನೊಂದವರ ನೋವಿಗೆ ಹಿಂದಿನ ಬೆಂಚು ಕೊಟ್ಟೆನೇ ಎಂಬ ಅಳುಕು ಹೋಗಿಲ್ಲ.

ಒಟ್ಟು ಎರಡು ಪುಟ. ಮೊದಲ ಆಕ್ಷೇಪ, ಅಧಿಕಾರಿ ತಪ್ಪು ವ್ಯಾಖ್ಯೆ ಹಚ್ಚಿದ್ದಾರೆ. ಎರಡನೆಯದು, ವಿಚಾರಣೆ ಮಾಡಬೇಕೆಂದು ಕಾಯ್ದೆ ಹೇಳಿದರೂ ಮಾಡಿಲ್ಲ, ವಿಷಯ ನಿರ್ವಾಹಕರ ಸ್ಥಳ ಪರಿಶೀಲನೆಯ ಸೂಚನೆಯನ್ನೂ ಬಿಟ್ಟಿದ್ದಾರೆ. ಮೂರನೆಯದು, ತಾವೇ ಹೊರಡಿಸಿದ ಜ್ಞಾಪನದ ಮೇಲಿನ ದೂರನ್ನು ತಾವೇ ತೀರ್ಮಾನಿಸಿದ್ದಾರೆ. ದ್ವೇಷ, ದುರುದ್ದೇಶ ಎಂಬ ಪದಗಳನ್ನು ಎಲ್ಲೂ ಬಳಸಲಿಲ್ಲ. ಎರಡು ರುಜುಗಳ ಪ್ರತಿ ಲಗತ್ತಿಸಿದರೆ ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಲಗತ್ತುಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಮೇಡಂ ಬರೆದಿಟ್ಟ ಪುಟ್ಟ ಡೈರಿ. ಹನ್ನೆರಡು ಕೆಲಸದ ದಿನ, ಯಾವ ವಿಭಾಗಕ್ಕೆ ಯಾವ ಕಡತ, ಎಷ್ಟು ಗಂಟೆಗೆ ಇಳಿದರು, ಎಷ್ಟಕ್ಕೆ ಹತ್ತಿದರು. ಒಟ್ಟು 87 ಸಲ. ದಿನಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು, ಅಷ್ಟೇ ಇಳಿಯುವುದು. ಬೇಡಿಕೆ ಚೀಟಿಗಳ ಪ್ರತಿಯೂ ಇದ್ದುದರಿಂದ ಆ ಲೆಕ್ಕವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

ಕೋರಿಕೆ ಮೂರು: ಹಿಂಬರಹ ರದ್ದು ಮಾಡಿ, ಬೇರೆ ಅಧಿಕಾರಿಯಿಂದ ಎರಡು ವಾರದಲ್ಲಿ ಹೊಸದಾಗಿ ವಿಚಾರಣೆ ಮಾಡಿಸಿ, ಅಲ್ಲಿಯವರೆಗೆ ನೆಲಮಹಡಿಯ ಖಾಲಿ ಆಸನ ಕೊಡಿಸಿ.

ಸಮಿತಿಯ ಮುಂದೆ

2022ರ ಫೆಬ್ರವರಿಯಲ್ಲಿ ಸಭೆ. ಅಂದಿನ ಕಾರ್ಯಸೂಚಿಯಲ್ಲಿ ಬಹಳ ವಿಷಯಗಳಿದ್ದವು, ನಮಗೆ ಸಿಕ್ಕದ್ದು ಹತ್ತು ಹನ್ನೆರಡು ನಿಮಿಷ. ಕಚೇರಿಯ ಪ್ರತಿನಿಧಿ ಹೇಳಿದ್ದು ಎರಡು ಮಾತು: ಯಾರನ್ನು ಎಲ್ಲಿ ಕೂರಿಸಬೇಕು ಎಂಬುದು ಆಡಳಿತದ ವಿವೇಚನೆ, ಮತ್ತು ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ನಾವು ತೀರ್ಪಿನ ಸಂಬಂಧಪಟ್ಟ ಪುಟಕ್ಕೆ ಗುರುತು ಹಾಕಿ ಕೊಟ್ಟೆವು. ಒಬ್ಬ ಸದಸ್ಯರು ಅದನ್ನು ಓದುತ್ತಿದ್ದರು. ಇನ್ನೊಬ್ಬರು ಟಿಪ್ಪಣಿ ಹಾಳೆಯನ್ನು ಎತ್ತಿ ಹಿಡಿದು, "ಆವಕ ವಿಭಾಗದ ಈ ಸೀಟಿನಲ್ಲಿ ಈಗ ಯಾರಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ ಸರ್."

"ಎಷ್ಟು ದಿನದಿಂದ?"

ಪ್ರತಿನಿಧಿ ಕಡತ ತಿರುವಿದರು. ಏಳು ತಿಂಗಳಿಂದ.

ಅಲ್ಲಿಗೆ ಹೊರೆ ಎಂಬ ವಾದ ಮುಗಿಯಿತು. ಆದರೆ ಸಮಿತಿ ತಾರತಮ್ಯವಾಗಿದೆ ಎಂದು ತಾನೇ ಹೇಳಲಿಲ್ಲ. ಹಿಂಬರಹವನ್ನು ಬದಿಗಿಟ್ಟು, ಬೇರೆ ಅಧಿಕಾರಿಯಿಂದ ಮರುವಿಚಾರಣೆ ಆಗಲಿ, ಅಲ್ಲಿಯವರೆಗೆ ನೆಲಮಹಡಿಯಲ್ಲಿ ಕೂರಿಸಿ ಎಂದು ಸೂಚಿಸಿತು. ಹೊರಗೆ ಬಂದ ಮೇಲೆ ಮೇಡಂ ಮುಖ ಸಪ್ಪಗಿತ್ತು. "ಮತ್ತೆ ಮೊದಲಿಂದಲೇ ಅಲ್ವಾ ಸರ್?" ಎಂದರು. ವಾಪಸ್ ಕಳಿಸಿದರೆ ಸೋತಂತೆ ಎಂದು ಅನೇಕರಿಗೆ ಅನ್ನಿಸುತ್ತದೆ. ಪ್ರಾಥಮಿಕ ತೀರ್ಮಾನದ ಮೇಲಿನ ಮೇಲ್ಮನವಿಯಲ್ಲಿ ಸಿಗಬಹುದಾದದ್ದು ಬಹುಪಾಲು ಇದೇ. ಮುಚ್ಚಿದ್ದ ಬಾಗಿಲು ತೆರೆಯುತ್ತದೆ, ಒಳಗಿನ ಮಾತು ಇನ್ನೂ ಆಗಬೇಕು. ಇದನ್ನು ನಾನು ಮೊದಲೇ ಅವರಿಗೆ ಬಿಡಿಸಿ ಹೇಳಿರಬೇಕಿತ್ತು.

ಮರುವಿಚಾರಣೆ ಎರಡು ವಾರದಲ್ಲಿ ಮುಗಿಯಲಿಲ್ಲ, 41 ದಿನ ಹಿಡಿಯಿತು. ಹೊಸ ಅಧಿಕಾರಿ ಬಂದ ಮೊದಲ ದಿನವೇ ಮೇಡಂ ಜೊತೆ ದಾಖಲೆ ಕೊಠಡಿಗೆ ಹತ್ತಿದರು. ಅರ್ಧದಲ್ಲಿ ನಿಂತು, "ನೀವು ನಿಧಾನಕ್ಕೆ ಬನ್ನಿ ಮೇಡಂ, ನಾನೇ ಕಾಯ್ತೀನಿ" ಎಂದರಂತೆ. ಅವರ ವರದಿ ಮೂರು ಪುಟ. ಆಸನದ ವಿಷಯದಲ್ಲಿ ಸೂಕ್ತ ಹೊಂದಾಣಿಕೆ ನಿರಾಕರಿಸಲಾಗಿದೆ, ಅದು ತಾರತಮ್ಯ ಎಂದು ಸ್ಪಷ್ಟವಾಗಿ ಬರೆದರು. ಆವಕ ವಿಭಾಗದ ಆಸನ ಕಾಯಂ ಆಯಿತು, ಕಡತದ ಗಂಟು ಒಯ್ಯಲು ಡಿ ದರ್ಜೆ ನೌಕರರ ನೆರವು ಎಂದು ಆದೇಶವಾಯಿತು. ಮರುವಿಚಾರಣೆಯಲ್ಲಿ ಮೇಡಂ ಹೊಸದಾಗಿ ಕೇಳಿದ್ದ, ಬೆಳಿಗ್ಗೆ ಕಾಲು ಗಂಟೆ ತಡವಾಗಿ ಬರುವ ಅವಕಾಶ ಸಿಗಲಿಲ್ಲ. ಅದಕ್ಕೆ ಕಾರಣ ಬರೆದಿದ್ದರು, ಆ ಕಾರಣ ಒಪ್ಪುವಂತೆಯೂ ಇತ್ತು. ಅಧೀಕ್ಷಕರ ಮಾತಿನ ಬಗ್ಗೆ ವರದಿಯಲ್ಲಿದ್ದದ್ದು ಒಂದು ಸಾಲು: ಪೂರಕ ಸಾಕ್ಷ್ಯ ಲಭ್ಯವಿಲ್ಲ.

ಆ ಸಾಲನ್ನು ಓದಿ ಮೇಡಂ ಬಹಳ ಹೊತ್ತು ಸುಮ್ಮನಿದ್ದರು.

ಬೇರೆಯವರಿಗೆ ಹೇಳುವುದಾದರೆ

ಹಿಂಬರಹ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದೆ ಎಂಬುದನ್ನು. ನಮ್ಮದರಲ್ಲಿ ಕೇಳಬೇಕಿದ್ದ ಪ್ರಶ್ನೆ, ಈ ನೌಕರರಿಗೆ ಬೇಕಾದ ಹೊಂದಾಣಿಕೆ ಆಗಿದೆಯೇ ಎಂಬುದು. ಉತ್ತರ ಬಂದದ್ದು, ಇವರು ಮೀಸಲಾತಿಗೆ ಅರ್ಹರೇ ಎಂಬ ಪ್ರಶ್ನೆಗೆ. ಇದನ್ನು ಕಂಡುಕೊಂಡ ದಿನವೇ ಅರ್ಧ ಕೆಲಸ ಆಗಿತ್ತು. ಪರಿಶೀಲಿಸಲಾಗಿದೆ, ಅರ್ಹವಲ್ಲ, ಮುಕ್ತಾಯಗೊಳಿಸಿದೆ ಎಂಬ ಪದಗಳನ್ನು ನೋಡಿ ಎದೆಗುಂದುವವರು ಬಹಳ. ಅವನ್ನು ನಾನೇ ನೂರಾರು ಸಲ ಟೈಪ್ ಮಾಡಿಸಿದ್ದೇನೆ. ಅವುಗಳ ಹಿಂದೆ ಎಷ್ಟೋ ಸಲ ಯಾರೂ ಏನನ್ನೂ ಪರಿಶೀಲಿಸಿರುವುದಿಲ್ಲ.

ಬಾಯಿಮಾತಿನ ಮನವಿಯನ್ನು ಅಂದೇ ಒಂದು ಚೀಟಿಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೇಡಂ ಮೂರು ಸಲ ಹೇಳಿದ್ದು ಯಾವ ಕಾಗದದಲ್ಲೂ ಇರಲಿಲ್ಲ, ಅದು ಕೊನೆಯವರೆಗೂ ಕಾಡಿತು. ಅವಮಾನದ ಮಾತು ಕೇಳಿದ ದಿನವೇ, ಕೇಳಿಸಿಕೊಂಡವರ ಹೆಸರು ಸಮೇತ ಬರೆದಿಡಿ. ಸಹೋದ್ಯೋಗಿಗಳು ಎರಡು ದಿನದೊಳಗೆ ನೆನಪಿದೆ ಎನ್ನುತ್ತಾರೆ, ಎರಡು ತಿಂಗಳ ಮೇಲೆ ಸರಿಯಾಗಿ ಕೇಳಿಸಲಿಲ್ಲ ಎನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅದೇ ಅಧೀಕ್ಷಕರ ಕೈಕೆಳಗೆ ಅವರೂ ದುಡಿಯಬೇಕು.

ಇಷ್ಟಾದರೂ ಮುಗಿಯದ ವಿಷಯಗಳಿವೆ. 2021-22ರ ಕಾರ್ಯನಿರ್ವಹಣಾ ವರದಿಯಲ್ಲಿ ಮೇಡಂ ಹೆಸರಿನ ಮುಂದೆ "ಕೆಲಸದಲ್ಲಿ ನಿಧಾನ" ಎಂಬ ಷರಾ ಬಿದ್ದಿದೆ. ಅದರಲ್ಲಿ ಏಳೆಂಟು ತಿಂಗಳು ಅವರು 42 ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಾಲ. ಮರುವಿಚಾರಣಾ ವರದಿಯನ್ನು ಲಗತ್ತಿಸಿ ಆ ಷರಾ ತೆಗೆಯಲು ಬೇರೆಯೇ ಮನವಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಕಚೇರಿಯ ಮುಂಬಾಗಿಲಿಗೆ ಮೂರು ಮೆಟ್ಟಿಲಿವೆ, ಇಳಿಜಾರು ದಾರಿ ಇಲ್ಲ. ಮೊನ್ನೆ ಮೇಡಂ ಅದರ ಬಗ್ಗೆಯೂ ಒಂದು ದೂರು ಕೊಟ್ಟರು. ನನ್ನನ್ನು ಕೇಳಲಿಲ್ಲ, ಮೊಬೈಲಿನಲ್ಲಿ ಫೋಟೋ ಮಾತ್ರ ಕಳಿಸಿದರು. ಅರ್ಧ ಪುಟ ಇದೆ. ಎಷ್ಟು ಮೆಟ್ಟಿಲು, ಒಂದೊಂದರ ಎತ್ತರ ಎಷ್ಟು ಇಂಚು, ಎಲ್ಲಿ ಇಳಿಜಾರು ಬೇಕು, ಎಷ್ಟು ದಿನದಲ್ಲಿ. ಮೂಲೆಯಲ್ಲಿ ಸ್ವೀಕೃತಿಯ ನೇರಳೆ ಮೊಹರು.